ಪರದೆ ಕೇಳಿದವಳು ನಾನಲ್ಲ

ಆಂಡರ್ಸನ್‌ಪೇಟೆಯ ಬಾಡಿಗೆ ಮನೆಗೆ ಕಿಟಕಿ ಪರದೆ ಹೊಲಿಸಬೇಕೆಂದು ಆ್ಯಪೊಂದರಲ್ಲಿ ವಿಳಾಸ, ಫೋನ್ ನಂಬರ್ ಹಾಕಿ ವಿಚಾರಿಸಿದೆ. ಸಂಜೆಯೊಳಗೆ ಮನಸ್ಸು ಬದಲಾಗಿ, ಪಕ್ಕದ ಅಂಗಡಿಯಲ್ಲಿ ಸಿದ್ಧ ಪರದೆಯನ್ನೇ ಕೊಂಡುಬಿಟ್ಟೆ. ಮರುದಿನ ಕಾಮಸಮುದ್ರದ ಬಸ್ಸಿಳಿದು, ಅಳತೆ ಟೇಪು ಹಿಡಿದು ಟೈಲರ್ ಮುನಿಲಕ್ಷ್ಮಿ ಬಂದಳು. ಕಿಟಕಿಯಲ್ಲಿ ಆಗಲೇ ತೂಗುತ್ತಿದ್ದ ಪರದೆ ನೋಡಿದವಳೇ ಹೊಸ್ತಿಲ ಮೇಲೆ ಕುಳಿತಳು.

"ನಿಮ್ ನಂಬರ್ ಕೊಡಕ್ಕೇ ಆ್ಯಪ್‌ನೋರು ನನ್ ಅತ್ರ ದುಡ್ಡು ಇಸ್ಕೊಂಡವ್ರೆ ಅಕ್ಕಾ. ಕೆಲ್ಸ ಸಿಕ್ಕದಿದ್ರೂ ಅದು ಓಯ್ತು."

ಅಷ್ಟು ನಾನೇ ಕೊಡುತ್ತೇನೆ ಎಂದೆ.

"ಕೆಲ್ಸ ಮಾಡ್ದೆ ನಿಮ್ ದುಡ್ಡು ಯಾಕೆ? ಕಂಪ್ಲೇಂಟ್ ಕೊಡ್ತೀನಿ. ಅವ್ರು ಫೋನ್ ಮಾಡ್ದಾಗ ರಾಂಗ್ ನಂಬರ್ ಅಂದ್ಬುಡಿ, ವಾಪಸ್ ಆಕ್ತಾರೆ."

"ಕೇಳಿದ್ದು ನಾನೇ ಅಲ್ವೇನಮ್ಮಾ?"

"ಅಯ್ಯೋ, ನಿಜ ಅಂದ್ರೆ ಒಂದ್ ಪೈಸಾನೂ ಬರಲ್ಲ ಕಣಕ್ಕಾ!"

ಅವಳು ಅಲ್ಲೇ ಕುಳಿತು ಮೊಬೈಲಿನಲ್ಲಿ ದೂರು ಕೊಟ್ಟಳು; ಸ್ವಲ್ಪ ಹೊತ್ತಿಗೆ ಆ್ಯಪ್‌ನವರಿಂದ ನನಗೆ ಫೋನು ಬಂತು. "ಪರದೆ ಬೇಕು ಅಂತ ಕೇಳಿದ್ದು ನೀವಾ ಮೇಡಂ?"

"ನಾನಲ್ಲ."

"ಹಾಗಾದ್ರೆ ತಾವು ಯಾರು?"

ಫೋನಿಗೆ ಕೈ ಅಡ್ಡ ಹಿಡಿದೆ. ಕಿವಿಗೊಟ್ಟು ಕುಳಿತಿದ್ದ ಮುನಿಲಕ್ಷ್ಮಿ ಪಿಸುಗುಟ್ಟಿದಳು: "ಯಾರೂ ಅಲ್ಲ ಅನ್ನಿ!"

ಹಾಗೇ ಅಂದೆ. ಅವಳ ದುಡ್ಡು ಮರಳಿತು.

ಎಷ್ಟೋ ದೇಶಗಳ ಗಡಿಯಲ್ಲಿ ನಾನು ನಾನೇ ಎಂದು ನಂಬಿಸಲು ಪಾಸ್‌ಪೋರ್ಟು, ಫೋಟೊ, ಬೆರಳಚ್ಚು ಎಲ್ಲ ಕೊಟ್ಟಿದ್ದೇನೆ. ನಾನು ನಾನಲ್ಲ ಎನ್ನುವುದಕ್ಕೆ ಮಾತ್ರ ಯಾರೂ ಒಂದು ಚೀಟಿಯನ್ನೂ ಕೇಳಲಿಲ್ಲ.