ಆಡುವವರೇ ಉಳಿಯದ ತಂಬೋಲ

ಡಾಕ್ಟರ್ ಶಿವಕ್ಕ ಜೂಜಿನ ಕಡುವೈರಿ ಎಂದು ನಾನು ಬಹಳ ಕಾಲ ನಂಬಿದ್ದೆ. ಹಣೆಯ ಮೇಲೆ ವಿಭೂತಿ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟು ಕೊಟ್ಟು ಪಳಗಿದ, ಎದುರಿಗಿದ್ದವರ ತೂಕ ಅಳೆಯುವ ನೋಟ. ಅಮೆರಿಕದ ನಮ್ಮ ಹರ್ನ್‌ಡನ್ ಕನ್ನಡ ಬಳಗದ ಸಭೆಯಲ್ಲಿ ತಂಬೋಲದ ಮಾತೆತ್ತಿದರೆ ಸಾಕು, ಮೊದಲ ಸಾಲಿಗೆ ಬಂದು ಕೂರುತ್ತಿದ್ದರು. ಆಟ ನಿಲ್ಲಿಸುವುದಕ್ಕೇ ಬರುತ್ತಾರೆಂದು ನಾನು ಅವರಿಗೆ ಕಡೆಯ ಸಾಲಿನಲ್ಲಿ, ಕಾಫಿಯ ಪಕ್ಕ, ಕುರ್ಚಿ ಹಾಕಿಡುತ್ತಿದ್ದೆ. ಕುರ್ಚಿ ನನ್ನ ಖಾತೆ.

ನಮ್ಮ ಬಳಗದಲ್ಲಿ ಖಾತೆಯಿಲ್ಲದ ಮನೆಯೇ ಇರಲಿಲ್ಲ. ಯಾರಿಗೂ ಬೇಸರವಾಗಬಾರದೆಂದು ಅಧ್ಯಕ್ಷ ಮುರಳೀಧರ, ಹೊಸ ಸಂಸಾರವೊಂದು ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಳಿದು ಅಪಾರ್ಟ್‌ಮೆಂಟ್ ಹಿಡಿಯುವಷ್ಟರಲ್ಲಿ ಅದಕ್ಕೊಂದು ಹುದ್ದೆ ಹುಟ್ಟಿಸುತ್ತಿದ್ದರು. ಊಟಕ್ಕೊಬ್ಬ ಉಪಾಧ್ಯಕ್ಷ, ಪಾರ್ಕಿಂಗಿಗೊಬ್ಬ ಜಂಟಿ ಕಾರ್ಯದರ್ಶಿ. ಶಿವಕ್ಕನ ಯಜಮಾನರು, ಸೇತುವೆ ಕಟ್ಟುವ ಎಂಜಿನಿಯರ್ ಬಸವಂತಪ್ಪ, ಮೈಕಿನ ಸಂಚಾಲಕರು.

ತೊಂಬತ್ತಾರರ ದೀಪಾವಳಿಗೆ ಮಕ್ಕಳ ಕನ್ನಡ ಶಾಲೆಯ ಸಹಾಯಾರ್ಥ ತಂಬೋಲ ಎಂದು ತೀರ್ಮಾನವಾಯಿತು. ಧರ್ಮಕ್ಕಾಗಿ ಆಡಿದರೂ ಜೂಜು ಜೂಜೇ, ಆದ್ದರಿಂದ ಪರವಾನಗಿ ಬೇಕಾಯಿತು. ಅದರ ಹಿಂದೆಯೇ ಷರತ್ತುಗಳೂ ಬಂದವು. ಮುರಳೀಧರ ಟೈ ಕಟ್ಟಿಕೊಂಡು ಬಂದು, ಬಜೆಟ್ ಮಂಡಿಸುವ ಮಂತ್ರಿಯ ಗತ್ತಿನಲ್ಲಿ ಓದಿದರು: ಆಟ ನಡೆಸುವವರು ಪದಾಧಿಕಾರಿಗಳು ಇಲ್ಲವೇ ಅವರ ಮನೆಯವರೇ ಆಗಿರಬೇಕು, ಪದಾಧಿಕಾರಿಗಳಾಗಲಿ, ಅವರ ಮನೆಯವರಾಗಲಿ ಆಡುವಂತಿಲ್ಲ.

ಶಿವಕ್ಕ ಕೈ ಎತ್ತಿದರು. ಬಂತು ಉಪದೇಶ ಎಂದುಕೊಂಡೆ.

“ಹಂಗಾರ ಆಡೋರು ಯಾರ್ರಿ?”

“ಯಾಕೆ ಡಾಕ್ಟ್ರೇ, ಇಷ್ಟು ಜನ ಇದೀವಲ್ಲ!” ಎಂದರು ಮುರಳೀಧರ.

“ಪದವಿ ಇಲ್ಲದ ಮನಿಯವ್ರು ಯಾರರೆ ಇದ್ರ ಕೈ ಎತ್ರಿ, ನೋಡೂಣು.”

ಒಂದು ಕೈಯೂ ಮೇಲೇಳಲಿಲ್ಲ. ಮುರಳೀಧರ ಟೈ ಸಡಿಲಿಸಿಕೊಂಡರು. “ಇದೆಲ್ಲ ದೊಡ್ಡ ದೊಡ್ಡ ಆರ್ಗನೈಸೇಷನ್‌ಗಳಿಗೆ ಮಾಡಿರೋ ರೂಲ್ಸು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೋಣ.”

“ಅಡ್ಜಸ್ಟ್ ಮಾಡಿದ್ರ ಪರ್ಮಿಟ್ ಹೋಗ್ತದ. ವರ್ಷೆಲ್ಲ ಆಪರೇಷನ್ ರೂಮಿನ್ಯಾಗ ಮಂದೀನ್ನ ಮಲಗಿಸ್ಕೋತ ಕುಂತಿರ್ತೀನ್ರಿ. ಒಂದಿನಾ ಎಚ್ಚರಿದ್ದ ಮಂದಿ ಜೋಡಿ ಕುಂತು ತಂಬೋಲ ಆಡ್ಬೇಕಂದ್ರ, ಅದಕ್ಕೂ ಕಲ್ಲು ಹಾಕ್ತೀರಲ್ಲ!” ಎಂದವರೇ ಗಂಡನತ್ತ ತಿರುಗಿದರು. “ನೀವು ಮೈಕ್ ಬಿಡ್ರಿ.”

ಬಸವಂತಪ್ಪ ಎದೆಯ ಮೇಲಿನ ಬ್ಯಾಡ್ಜನ್ನು ಅಂಗೈಯಿಂದ ಮುಚ್ಚಿಕೊಂಡರು. “ಹೆಸರು ಹಾಕಿಸಿ ಮಾಡ್ಸ್ಯಾರ. ಈಗ ಬಿಟ್ರ ಚೊಲೋ ಕಾಣಂಗಿಲ್ಲ.”

“ಬ್ಯಾಡ್ಜ್ ಹಾಕ್ಕೊಂಡು ಮನ್ಯಾಗ ಅಡ್ಡಾಡ್ರಿ. ನಾ ನೋಡ್ತೀನಿ.”

ಮೈಕಿನ ಖಾತೆ ಬಿತ್ತು. ಮೈಕಿನ ಹಿಂದೆ ಊಟ, ಊಟದ ಹಿಂದೆ ಪಾರ್ಕಿಂಗ್. ಹೆಂಡತಿಯರೆಲ್ಲ ಗಂಡಂದಿರ ಕಡೆ ತಿರುಗಿದ್ದರು. ನನ್ನ ಪಕ್ಕೆಗೆ ಹೆಂಡತಿ ಮೈಥಿಲಿಯ ಮೊಣಕೈ ತಾಗಿದ ಕ್ಷಣವೇ ನಾನೂ ಕುರ್ಚಿ ತ್ಯಜಿಸಿದೆ. ದೇಶಸೇವೆಗೆ ಹಿನ್ನಡೆಯಾಯಿತೆಂದು ಎರಡು ಮಾತು ಹೇಳಲು ಬಾಯಿ ತೆರೆದೆ, ಯಾರೂ ಕೇಳಲಿಲ್ಲ.

“ನೀವೂ ರಾಜೀನಾಮೆ ಕೊಟ್ಬಿಡೀಂದ್ರೆ, ನಾನೂ ಆಡ್ಬೇಕು,” ಎಂದರು ಅಧ್ಯಕ್ಷರ ಪತ್ನಿ ಅಲಮೇಲು.

“ಪರ್ಮಿಟ್ ನನ್ನ ಹೆಸರಲ್ಲಿದೆ ಕಣೇ. ನಾನೂ ಬಿಟ್ರೆ ಆಟಾನೇ ಇರಲ್ಲ!”

ಹೀಗಾಗಿ ದೀಪಾವಳಿಯ ದಿನ ಊರಿನ ಶಾಲೆಯೊಂದರ ಕೆಫೆಟೇರಿಯಾದಲ್ಲಿ ಅಧ್ಯಕ್ಷರೇ ಕಾರು ನಿಲ್ಲಿಸಿ, ಕುರ್ಚಿ ಜೋಡಿಸಿ, ಚಿತ್ರಾನ್ನ ಬಡಿಸಿ, ಏದುಸಿರಿನಲ್ಲಿ ನಂಬರ್ ಕೂಗಿದರು. ಅಲಮೇಲು ಕಸ್ಟಮ್ಸ್ ಅಧಿಕಾರಿಯ ಮುಖ ಮಾಡಿಕೊಂಡು ಗೆದ್ದವರ ಟಿಕೆಟ್ ತಪಾಸಣೆ ಮಾಡಿದರು. ಶಿವಕ್ಕ ಮಡಿಲ ತುಂಬ ಟಿಕೆಟ್ ಹರವಿಕೊಂಡು, “ಜೋರಾಗಿ ಒದರ್ರಿ ಅಧ್ಯಕ್ಷರ, ನಿಮಗ್ಯಾರು ಇಂಜೆಕ್ಷನ್ ಕೊಟ್ರು?” ಎಂದು ಗದರುತ್ತ ಕೊನೆಯ ನಂಬರಿನವರೆಗೂ ಆಡಿದರು. ಒಂದು ಸಾಲೂ ಬೇರೆಯವರಿಗಿಂತ ಮೊದಲು ತುಂಬಲಿಲ್ಲ. ಕನ್ನಡ ಶಾಲೆಗೆ ಮಾತ್ರ ಆ ವರ್ಷದ ಬಾಡಿಗೆ ಹುಟ್ಟಿತು.

ಹೊರಡುವಾಗ ನಾನು ಕೇಳಿದೆ: “ಇಡೀ ಕಮಿಟೀನೇ ಬೀಳಿಸಿದ್ರಿ. ಆದ್ರೂ ಒಂದು ಪ್ರೈಜೂ ಗೆಲ್ಲಲಿಲ್ವಲ್ಲ ಡಾಕ್ಟ್ರೇ, ಬೇಜಾರಾಗ್ಲಿಲ್ವಾ?”

“ಆಡಾಕ ಬಂದಿದ್ದೆ, ಆಡಿದೆ. ಗೆಲ್ಲೂದ ಬೇಕಾಗಿದ್ರ ನಿಮ್ಮ ಅಧ್ಯಕ್ಷಗಿರಿಗೆ ನಿಲ್ತಿದ್ದೆ. ಅಲ್ಲೆ ಎದುರಿಗೆ ಯಾರೂ ಇರಂಗಿಲ್ಲ.”