ಮೂರನೆಯ ಸೆನ್ಸರ್

ಅರವತ್ತೇಳು ಎಂದರೆ ಕಾರಿನ ಕೆಳಗೆ ನುಸುಳುವ ವಯಸ್ಸಲ್ಲ ಎಂದು ಗ್ಲೆನಿಸ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವಳ ಸೊಂಟವೇ ಹೇಳುತ್ತಿತ್ತು. ಆದರೂ ಆ ಸೋಮವಾರ ಬೆಳಿಗ್ಗೆ ಅವಳು ಬಿಳಿ ವ್ಯಾಗನ್ ಕಾರಿನ ಮುಂದಿನ ಚಕ್ರಗಳನ್ನು ಕಬ್ಬಿಣದ ಇಳಿಜಾರುಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಕೆಂಪು ಮಣ್ಣಿನ ಮೇಲೆ ಹಳೆಯ ಕಾರ್ಪೆಟ್ ತುಂಡು ಹಾಸಿ, ಅಂಗಾತ ಮಲಗಿ ಒಳಗೆ ಸರಿದಳು. ಹದಿನಾಲ್ಕು ತಿಂಗಳಲ್ಲಿ ಇದು ಮೂರನೆಯ ಸಲ. ಮೂರು ಸಲವೂ ಅದೇ ಕೆಲಸ. ಹೊಗೆಕೊಳವೆಗೆ ತಿರುಚಿ ಕೂರಿಸಿದ ಹೆಬ್ಬೆರಳ ಗಾತ್ರದ ಆಕ್ಸಿಜನ್ ಸೆನ್ಸರ್ ಬಿಚ್ಚುವುದು, ಹೊಸದನ್ನು ಹಾಕುವುದು. ಎಂಜಿನ್ನಿಗೆ ಎಷ್ಟು ಪೆಟ್ರೋಲು ಸಾಕು ಎಂದು ಹೊಗೆ ನೋಡಿ ಹೇಳುವುದು ಅದೇ. ಅದು ಕೆಟ್ಟರೆ ಕಾರು ಕೆಮ್ಮುತ್ತಾ ಹೋಗಿ ಎಲ್ಲೆಂದರಲ್ಲಿ ನಿಲ್ಲುತ್ತದೆ.

ಶೆಡ್ಡಿನ ಬಾಗಿಲಲ್ಲಿ ಮಡಚು ಕುರ್ಚಿ ಹಾಕಿಕೊಂಡು ಅವಳ ಗಂಡ ಕ್ಲೈವ್ ಕೂತಿದ್ದ. ಅವನ ಮೂಗಿಗೆ ಸಿಕ್ಕಿಸಿದ ನಳಿಕೆ ಅಂಗಳ ದಾಟಿ, ಹಿತ್ತಿಲ ಬಾಗಿಲು ದಾಟಿ, ಅಡುಗೆಮನೆಯಲ್ಲಿ ಗುರುಗುಡುವ ಆಮ್ಲಜನಕದ ಯಂತ್ರಕ್ಕೆ ಸೇರಿತ್ತು. ಹದಿನೈದು ಮೀಟರ್ ನಳಿಕೆ. ನಲವತ್ತು ವರ್ಷದ ಸಿಗರೇಟು ಅವನಿಗೆ ಉಳಿಸಿಕೊಟ್ಟಿದ್ದ ಪ್ರಪಂಚ ಅಷ್ಟೇ. ಗ್ಲೆನಿಸ್ ಬೇಕೆಂದೇ ಕಾರನ್ನು ನಳಿಕೆಯ ತುದಿಯಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿದ್ದಳು. ಹತ್ತಿರ ನಿಲ್ಲಿಸಿದ್ದರೆ ಎದ್ದು ಬಂದು ಬಾನೆಟ್ಟಿನೊಳಗೆ ತಲೆ ತೂರಿಸುವ ಆಸಾಮಿ ಅವನು.

ವೈಯಾಲಾ ಊರಿನ ಆ ಬೀದಿಯಲ್ಲಿ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟುಬರುವುದೆಂದರೆ ಗಂಡಸರಿಗೆ ಮಾನ ಹೋಗುವ ವಿಷಯ. ಪ್ರತಿ ಮನೆಯ ಹಿಂದೆ ತಗಡಿನ ಶೆಡ್ಡು, ಪ್ರತಿ ಶೆಡ್ಡಿನಲ್ಲಿ ಬಿಸ್ಕತ್ತಿನ ಡಬ್ಬಿಗಳ ತುಂಬ ನಟ್ಟು ಬೋಲ್ಟು. ಗ್ಲೆನಿಸ್ ಇಪ್ಪತ್ತೆರಡು ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಪೈ ಎಂಬ ಕಡುಬು ಬಿಸಿ ಮಾಡಿ ಮಕ್ಕಳಿಗೆ ಕೊಟ್ಟವಳು. ಅಲ್ಲಿಂದ ಬಂದು ಕ್ಲೈವ್‌ಗೆ ಸ್ಪ್ಯಾನರ್ ಎತ್ತಿಕೊಟ್ಟವಳು. ಹೀಗೆ ಕೊಟ್ಟೂ ಕೊಟ್ಟೂ ಯಾವ ಸ್ಪ್ಯಾನರ್ ಎಲ್ಲಿಗೆ ಎಂಬುದು ಅವಳ ಕೈಗೆ ತಾನಾಗಿ ಹತ್ತಿತ್ತು. ಕಲಿಯಬೇಕೆಂಬ ಆಸೆ ಅವಳಿಗೇನೂ ಇರಲಿಲ್ಲ.

ಬುಧವಾರ ಅಡಿಲೇಡಿನಲ್ಲಿ ಶ್ವಾಸಕೋಶದ ವೈದ್ಯರು ನೋಡುವವರಿದ್ದರು. ಈ ಸಲ ತಪ್ಪಿದರೆ ಮತ್ತೆ ಐದು ತಿಂಗಳು ಕಾಯಬೇಕು. ದಾರಿ ನಾಲ್ಕೂವರೆ ಗಂಟೆಯದು, ಕಾರಿನಲ್ಲಿ ಇಡುವ ಆಮ್ಲಜನಕದ ಸಿಲಿಂಡರು ಬಾಳುವುದು ಆರು ಗಂಟೆ ಹೊತ್ತು. ಹೋದ ತಿಂಗಳು ಅದೇ ದಾರಿಯಲ್ಲಿ ಪೋರ್ಟ್ ಜರ್ಮೈನ್ ಊರು ದಾಟುತ್ತಲೇ ಕಾರು ನಿಂತು, ನಲವತ್ತು ನಿಮಿಷ ಅವಳು ಸಿಲಿಂಡರಿನ ಅಳತೆಯ ಮುಳ್ಳು ಇಳಿಯುವುದನ್ನೇ ನೋಡುತ್ತಾ ಕೂತಿದ್ದಳು. ಆಸ್ಪತ್ರೆಯ ಬಸ್ಸಿದೆ, ಎದುರುಮನೆಯವರು ಕರೆದೊಯ್ಯುತ್ತೇವೆ ಎಂದಿದ್ದರು. ಕ್ಲೈವ್ ಒಪ್ಪಲಿಲ್ಲ. ಬೇರೆಯವರ ಗಾಡಿಯಲ್ಲಿ ಮಲಗಿಸಿಕೊಂಡು ಹೋಗೋಕೆ ನಾನೇನು ಹೆಣವಾ ಎಂದು ಕೇಳಿದ್ದ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಬಿಸಿಯಿದ್ದಾಗ ಸಲೀಸಾಗಿ ಬಿಚ್ಚುತ್ತದೆಂದು ಅವಳು ಮೊದಲೇ ಹತ್ತು ನಿಮಿಷ ಎಂಜಿನ್ ಓಡಿಸಿದ್ದಳು. ಮೇಲಿನಿಂದ ಸೆನ್ಸರಿನ ತಂತಿಯ ಪ್ಲಗ್ಗು ಎಳೆದು ಬಿಡಿಸಿದ್ದಳು. ಈಗ ಸ್ಪ್ಯಾನರ್ ಕೂರಿಸಿ, ಅದರ ಹಿಡಿಗೆ ಉದ್ದದ ಪೈಪು ತೊಡಿಸಿ, ಎರಡೂ ಕೈಯಲ್ಲಿ ಎಳೆದಳು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ನೊಣಗಳು ಕಣ್ಣಿಗೆ, ಮೂಗಿಗೆ ಮುತ್ತಿದವು.

"ಎಳೀಬೇಡ, ಒದಿ," ಎಂದ ಕ್ಲೈವ್ ಕುರ್ಚಿಯಿಂದ. ಒಂದು ಮಾತಾಡಿದರೆ ಎರಡು ಉಸಿರು ಬೇಕಾಗುತ್ತಿತ್ತು. "ಹೋದ್ಸಲಾನೂ ಕಾಲಲ್ಲೇ ಬಂದಿದ್ದು."

"ಹೋದ್ಸಲ ನನ್ನ ಮಂಡಿ ಚೆನ್ನಾಗಿತ್ತು," ಎಂದು ಅವಳು ಬೂಟುಗಾಲಿನಿಂದ ಪೈಪಿಗೆ ಒದ್ದಳು. ಕಿರ್ರೆಂದು ಸಡಿಲವಾಯಿತು. ಬಟ್ಟೆ ಸುತ್ತಿ ತಿರುಗಿಸಿ ಹೊರತೆಗೆದಳು.

ತುದಿ ಮೈದಾ ಮೆತ್ತಿದ ಹಾಗೆ ಬೆಳ್ಳಗಿತ್ತು.

ಬಿಡಿಭಾಗದ ಅಂಗಡಿಯ ಯಾಸ್ನಾ ಶನಿವಾರವೇ ಹೇಳಿದ್ದಳು. ತುದಿ ಕಪ್ಪಗಿದ್ದರೆ ಪೆಟ್ರೋಲಿನ ದೋಷ, ಬೆಳ್ಳಗಿದ್ದರೆ ಯಾರೋ ಎಂಜಿನ್ನಿಗೆ ಬಚ್ಚಲಿನ ಸಿಲಿಕೋನ್ ಅಂಟು ಬಳಿದಿದ್ದಾರೆ, ಅದರ ಆವಿ ಒಳಹೊಕ್ಕು ಉರಿದು ಸೆನ್ಸರಿನ ಮೇಲೆ ಕೂರುತ್ತದೆ, ಆ ಅಂಟು ಇರುವ ತನಕ ಡಜನ್ ಸೆನ್ಸರ್ ಹಾಕಿದರೂ ದಂಡ. ಹಾಗೆಂದು ಚೀಲದಲ್ಲಿ ಅಂಟಿನ ಬದಲು ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಹಾಕುವ ರಬ್ಬರ್ ಪಟ್ಟಿಯನ್ನೂ ಇಟ್ಟುಕೊಟ್ಟಿದ್ದಳು. ಬೇಡವಾದರೆ ವಾಪಸು ತಾ ಎಂದಿದ್ದಳು.

ಯಾರೋ ಎಂದರೆ ಯಾರು? ಆ ಮನೆಯಲ್ಲಿ ಸಿಲಿಕೋನ್ ಕಾಣದ ವಸ್ತುವೇ ಇರಲಿಲ್ಲ. ಬಚ್ಚಲ ಅಂಚಿಗೆ, ಬೂಟಿನ ಅಟ್ಟೆಗೆ, ಟೀ ಪಾಟಿನ ಮುಚ್ಚಳದ ಗುಂಡಿಗೆ, ತನ್ನ ಕನ್ನಡಕದ ಕಾಲಿಗೆ, ಎಲ್ಲಕ್ಕೂ ಕ್ಲೈವ್ ಅದನ್ನೇ ಬಳಿದಿದ್ದ. ಆಚೆವರ್ಷದ ಚಳಿಗಾಲದಲ್ಲಿ ಎಂಜಿನ್ನಿನ ಮುಚ್ಚಳದಿಂದ ಎಣ್ಣೆ ಜಿನುಗಿದಾಗ ಎರಡು ದಿನ ಬಗ್ಗಿ ನಿಂತು ಸರಿಮಾಡಿದ್ದ. ಅದಾಗಿ ಮೂರು ವಾರಕ್ಕೆ ಮೂಗಿಗೆ ನಳಿಕೆ ಬಂತು. ಅವನು ತನ್ನ ಕೈಯಾರೆ ಮಾಡಿದ ಕೊನೆಯ ಕೆಲಸ ಅದು. ಒಂದು ಹನಿ ಎಣ್ಣೆ ಸೋರುತ್ತಿಲ್ಲ ನೋಡು ಎಂದು ಮನೆಗೆ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸಲು ಇವಳಿಗೇ ಹೇಳುತ್ತಿದ್ದ. ಇವಳೂ ತೋರಿಸುತ್ತಿದ್ದಳು.

"ತುದಿ ಹೇಗಿದೆ?" ಎಂದು ಕೇಳಿದ ಕ್ಲೈವ್.

"ಕಪ್ಪಗೆ," ಎಂದಳು. ಹಳೆಯದನ್ನು ಏಪ್ರನ್ನಿನ ಜೇಬಿಗೆ ಸೇರಿಸಿ, ಹೊಸದರ ತಿರುಪಿನ ಸುತ್ತುಗಳಿಗೆ ಗ್ರೀಸು ಸವರಿ, ತುದಿಗೆ ಬೆರಳು ತಾಗದಂತೆ ತಿರುಗಿಸಿ ಬಿಗಿದಳು. ಆ ಸುಳ್ಳಿಗೆ ಅವಳಿಗೆ ನಾಚಿಕೆಯೂ ಆಗಲಿಲ್ಲ, ಅಷ್ಟು ಸುಸ್ತಾಗಿತ್ತು.

ಹನ್ನೊಂದಕ್ಕೆ ಅವನು ಒಳಗೆ ಹೋಗಿ ಮಲಗುವ ರೂಢಿ. ಅವನು ಹೋದ ಮೇಲೆ ಎಂಜಿನ್ ತಣ್ಣಗಾಗುವವರೆಗೆ ಕಾದು, ಕಾರನ್ನು ಮೆಲ್ಲಗೆ ಕೆಳಗಿಳಿಸಿ, ಬಾನೆಟ್ ಎತ್ತಿದಳು. ಮುಚ್ಚಳದ ಸುತ್ತ ಸಿಲಿಕೋನಿನ ಅಂಚು ಎಷ್ಟು ನೀಟಾಗಿತ್ತೆಂದರೆ ಅವನ ಬೆರಳು ಎಳೆದ ಗುರುತು ಕಾಣುತ್ತಿತ್ತು. ಬೋಲ್ಟು ಬಿಚ್ಚಿ, ಚಾಕು ತೂರಿಸಿ, ಮುಚ್ಚಳವನ್ನು ಎಬ್ಬಿಸಿದಳು. ಅವನು ಏಳುವುದರೊಳಗೆ ಕೆರೆದು, ಪಟ್ಟಿ ಹಾಕಿ, ಮುಚ್ಚಿಬಿಡಬೇಕೆಂದಿದ್ದಳು. ಅವನಿಗೆ ಗೊತ್ತಾಗುವುದೇ ಬೇಡ ಎಂದಿದ್ದಳು.

"ಬೆಳ್ಳಗಿತ್ತಾ?"

ತಿರುಗಿ ನೋಡಿದಳು. ನಳಿಕೆ ಬಿಗಿದು ನಿಂತಷ್ಟು ದೂರ ಬಂದು, ಶೆಡ್ಡಿನ ಬಾಗಿಲ ಚೌಕಟ್ಟು ಹಿಡಿದುಕೊಂಡು ಅವನು ನಿಂತಿದ್ದ.

"ನಿಂಗೆ ಯಾವಾಗಿಂದ ಗೊತ್ತು?" ಎಂದಳು ಗ್ಲೆನಿಸ್.

"ಮೊದಲ್ನೇದು ನೋಡ್ದಾಗ ಅನುಮಾನ ಬಂತು." ಉಸಿರಿಗಾಗಿ ನಿಂತ. "ಎರಡನೇದ್ರಲ್ಲಿ ಖಾತ್ರಿ ಆಯ್ತು."

ಎರಡು ಸಲವೂ ಅವನು ಹಳೆಯದನ್ನು ಅವಳ ಕೈಯಿಂದ ಇಸಿದುಕೊಂಡು, ನೋಡಿ, ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿಸಿದ್ದು ಅವಳಿಗೆ ಈಗ ನೆನಪಾಯಿತು. ಮೈ ಉರಿದುಹೋಯಿತು. ಆದರೆ ಕೂಗಾಡುವುದಕ್ಕೂ ತ್ರಾಣ ಬೇಕಲ್ಲ.

"ರಸ್ತೆ ಪಕ್ಕದಲ್ಲಿ ನಲವತ್ತು ನಿಮಿಷ ಮುಳ್ಳು ನೋಡ್ಕೊಂಡು ಕೂತಿದ್ನಲ್ಲ ಕ್ಲೈವ್. ನೀನು ಉಳೀತೀಯೋ ಇಲ್ವೋ ಅಂತ. ಆಗ್ಲೂ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

ಅವನು ಕುರ್ಚಿಗೆ ಕುಸಿದು ಕೂತು, ಉಸಿರನ್ನು ಒಂದು ಹದಕ್ಕೆ ತಂದುಕೊಂಡ. "ಆ ಮುಚ್ಚಳ ಆದ್ಮೇಲೆ ನಾನು ಮಾಡಿದ್ದು ಏನೂ ಇಲ್ಲ ಕಣೇ. ಉಣ್ಣೋದು, ಮಲಗೋದು. ಅದೊಂದಾದ್ರೂ ಸರಿಯಾಗಿದೆ ಅಂತ ಇರ್ಲಿ ಅಂದ್ಕೊಂಡೆ."

ಅವನ ಮೇಲೆ ಅವಳಿಗೆ ಅಯ್ಯೋ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಎಣ್ಣೆ ಮೆತ್ತಿದ್ದ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಹಳೆಯ ಟವೆಲ್ ಹಾಸಿ, ಅವನ ತೊಡೆಯ ಮೇಲಿಟ್ಟಳು. ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಕೈಗೆ ಕೊಟ್ಟಳು.

"ನೀನೇ ಬಳಿದಿದ್ದು. ನೀನೇ ಕೆರಿ."

ಅವನು ಕನ್ನಡಕ ಹಾಕಿಕೊಂಡು ಶುರುಮಾಡಿದ. ನಾಲ್ಕು ಸಲ ಕೆರೆದರೆ ಒಂದು ನಿಮಿಷ ದಣಿವಾರಿಸಿಕೊಳ್ಳಬೇಕು. ಸಿಲಿಕೋನು ಉದ್ದುದ್ದ ಎಳೆಯಾಗಿ ಏಳುತ್ತಿತ್ತು, ಮೂಲೆಗಳಲ್ಲಿ ಹಠ ಮಾಡುತ್ತಿತ್ತು. ಗ್ಲೆನಿಸ್ ಎಂಜಿನ್ನಿನ ಕಡೆಯ ಅಂಚನ್ನು ತಾನು ಕೆರೆದು ಒರೆಸಿ, ಟೀ ಮಾಡಿ ತಂದು, ತಲೆಕೆಳಗು ಮಾಡಿದ ಹಾಲಿನ ಕ್ರೇಟಿನ ಮೇಲೆ ಕೂತು ಗೋಡೆಗೆ ಒರಗಿದಳು. ಇಬ್ಬರಲ್ಲಿ ಅವನು ದುಡಿಯುತ್ತಿದ್ದು ತಾನು ಸುಮ್ಮನೆ ಕೂತಿರುವುದು ಎಷ್ಟು ಕಾಲದ ಮೇಲೋ. ಯಾವಾಗ ಕಣ್ಣು ಹತ್ತಿತೋ ತಿಳಿಯಲಿಲ್ಲ. ಎಚ್ಚರವಾದಾಗ ಟೀ ಆರಿತ್ತು, ಶೆಡ್ಡಿನ ನೆರಳು ಕಾರಿನವರೆಗೂ ಚಾಚಿತ್ತು.

"ಮುಗೀತು," ಎಂದ ಕ್ಲೈವ್. ತುಟಿ ಸ್ವಲ್ಪ ನೀಲಿಗಟ್ಟಿತ್ತು, ಆದರೆ ಮುಖದಲ್ಲಿ ಆಚೆವರ್ಷದ ಗೆಲುವಿತ್ತು.

ಅವಳು ಮುಚ್ಚಳ ತೆಗೆದುಕೊಂಡು ಅಂಚಿನ ಸುತ್ತ ಉಗುರು ಹಾಯಿಸಿದಳು. ಹಿಂದಿನ ಮೂಲೆಯಲ್ಲಿ, ಬೋಲ್ಟಿನ ತೂತಿನ ಪಕ್ಕ, ಅಕ್ಕಿಕಾಳಿನಷ್ಟು ಉಳಿದಿತ್ತು. ಹೇಳುವುದು ಬೇಡ, ಆಮೇಲೆ ತಾನೇ ತೆಗೆದರಾಯಿತು ಎಂದುಕೊಂಡು ಎರಡು ಹೆಜ್ಜೆ ಕಾರಿನ ಕಡೆ ನಡೆದಳು. ಅಲ್ಲೇ ನಿಂತಳು. ವಾಪಸು ಬಂದು ಮುಚ್ಚಳವನ್ನು ಮತ್ತೆ ಅವನ ತೊಡೆಯ ಮೇಲಿಟ್ಟಳು.

"ಇಲ್ಲೊಂಚೂರು ಉಳಿದಿದೆ," ಎಂದಳು.

ಕ್ಲೈವ್ ಅವಳ ಬೆರಳು ತೋರಿಸಿದ ಕಡೆ ಬಗ್ಗಿ ನೋಡಿದ. ತೆಗೆದಿಟ್ಟಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡ.