ತಂಗಿಯ ನೂರು ಕ್ಯಾಸೆಟ್ಟು

2023ರ ಬೇಸಿಗೆಯಲ್ಲಿ ನಾನು ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಮೈಕ್‌ಸೆಟ್ ಅಂಗಡಿ ನಡೆಸುತ್ತಿದ್ದೆ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಕ್ಯಾಸೆಟ್ ಕಾಪಿ ಮಾಡುವುದು. ಮೂಲ ಕ್ಯಾಸೆಟ್ಟನ್ನು ಒಂದು ಡೆಕ್ಕಿಗೆ ಹಾಕಿದರೆ ಪಕ್ಕದ ಮೂರು ಡೆಕ್ಕುಗಳಲ್ಲಿ ಮೂರು ಕಾಪಿ ತಯಾರಾಗುತ್ತಿದ್ದವು. ನಾನು ಕಾಪಿ ಮಾಡಿದ ಭಜನೆ, ಕವ್ವಾಲಿಗಳು ಚಿತ್ತಾಪುರ, ವಾಡಿ, ಸೇಡಂವರೆಗೂ ಹೋಗುತ್ತಿದ್ದವು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಆ ಮಷಿನ್ನಿಗೆ ಚಾದರ ಹೊದಿಸಿಟ್ಟಿದ್ದೆ.

ಚಾದರ ತೆಗೆಸಿದವಳು ನನ್ನ ತಂಗಿ ಸುಧಾ. ಅವಳಿಗೆ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ಆದಿತ್ಯನಗರದಲ್ಲಿ ಮನೆ. ಒಂದು ಸೋಮವಾರ ಬೆಳಿಗ್ಗೆ ಬಂದು ಕೌಂಟರಿನ ಮೇಲೆ ಒಂದು ಕ್ಯಾಸೆಟ್ಟನ್ನೂ ನೂರು ಖಾಲಿ ಕ್ಯಾಸೆಟ್ಟಿನ ಡಬ್ಬವನ್ನೂ ಇಟ್ಟಳು.

"ಅಣ್ಣ, ಇದರವು ನೂರು ಕಾಪಿ ಬೇಕು. ಶನಿವಾರ ಮಧ್ಯಾಹ್ನದೊಳಗ."

"ಈಗ ಕ್ಯಾಸೆಟ್ ಯಾರು ಕೇಳ್ತಾರವ್ವ?"

"ನಮ್ಮ ಮಂದಿ ಕೇಳ್ತಾರ. ನೀ ಮೊದಲ ಧೂಳ ಝಾಡ್ಸು."

ಅವಳ ಮಂದಿ ಎಂದರೆ ಡೆತ್ ಮೆಟಲ್ ಕೇಳುವವರು. ಗಿಟಾರಿನ ತಂತಿಗಳನ್ನು ಸಡಿಲಿಸಿ ಸ್ವರವನ್ನು ತಗ್ಗಿಸುತ್ತಾರೆ, ಡ್ರಮ್ ಎರಡೂ ಕಾಲಲ್ಲಿ ಓಡುತ್ತದೆ, ಹಾಡುವವರು ಗಂಟಲಿನ ತಳದಿಂದ ಗುಡುಗುತ್ತಾರೆ. ದೊಡ್ಡ ಕಂಪನಿಗಳು ಇದರ ಗೊಡವೆಗೆ ಬರುವುದಿಲ್ಲ. ತಂಡದವರೇ ಐವತ್ತೋ ನೂರೋ ಕ್ಯಾಸೆಟ್ ಮಾಡಿ, ಕೈಯಲ್ಲಿ ನಂಬರ್ ಬರೆದು ಬಿಡುಗಡೆ ಮಾಡುತ್ತಾರೆ. ಸುಧಾ ಹೊಸ ತಂಡದ ಜೊತೆ ಹಾಡಿದ ಆಲ್ಬಮ್ಮಿನ ಹೆಸರು 'ಕಲ್ಲಿನ ಹೊಟ್ಟೆ'. ನಮ್ಮ ಕಲ್ಲುಗಣಿಗಳ ಮೇಲೆ ಕಟ್ಟಿದ ಕನ್ನಡದ ಹಾಡುಗಳು, ಎರಡೂ ಬದಿ ಸೇರಿ ನಲವತ್ತು ನಿಮಿಷ. ಭಾನುವಾರ ಪುಣೆಯಲ್ಲಿ ಬಿಡುಗಡೆ. ಕ್ಯಾಸೆಟ್ ಬರದಿದ್ದರೆ ಆ ದಿನ ಬೇರೆ ತಂಡದ ಪಾಲಾಗುತ್ತಿತ್ತು.

ಆಗಲಿ ಎಂದೆ, ಆದರೆ ಅವಳ ಮುಖ ನೋಡಲಾಗಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಕಾಲೇಜಿನಲ್ಲಿದ್ದಾಗ, ಅವಳು ಗೆಳತಿಯರ ಜೊತೆ ಖಾಲಿ ಬಿದ್ದ ಕಲ್ಲಿನ ಪಾಲಿಶ್ ಶೆಡ್ಡಿನಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿ ತಂದಿದ್ದಳು. ಇದ್ದದ್ದು ಅದೊಂದೇ ಕ್ಯಾಸೆಟ್. ಕಾಪಿ ಮಾಡಲೆಂದು ಹಚ್ಚಿದಾಗ ಅಂಗಡಿಗೆ ಬಂದಿದ್ದ ಹಿರಿಯರೊಬ್ಬರು, "ಏನಪಾ, ಎಮ್ಮಿ ಈಯ್ಲಿಕತ್ತದೇನು?" ಎಂದು ನಕ್ಕರು. ನಮ್ಮ ತಂದೆ ಗುಡಿಯ ಅರ್ಚಕರು. ಈ ದನಿ ಮನೆಮಗಳದು ಎಂದು ಊರಿಗೆ ತಿಳಿದರೆ ಹೇಗೆ ಎಂದು ನಾನು ನಾಚಿಕೆಪಟ್ಟೆ.

ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದರೆ ಯಾವ ಮಷಿನ್ನೂ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡುವುದಿಲ್ಲ. ಸುಧಾ ಜಾಗ್ರತೆಯಾಗಿ ಮುರಿದೇ ತಂದಿದ್ದಳು. ಆ ತೂತುಗಳ ಮೇಲೆ ನಾನು ಅಂಟುಪಟ್ಟಿ ಹಚ್ಚಿ, ಅವಳ ಹಾಡಿನ ಮೇಲೆ ಮಂಗಳಾರತಿ ತುಂಬಿದೆ. "ಮಷಿನ್ ಅಳಿಸಿಬಿಡ್ತವ್ವ" ಎಂದೆ. ಅವಳು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೋದಳು. ತಂಡ ಒಡೆಯಿತು. ಎಷ್ಟೋ ವರ್ಷ ಅವಳು ಹಾಡಲಿಲ್ಲ.

ಈಗ ಸೋಮವಾರ, ಮಂಗಳವಾರ ಸೇರಿ ಇಪ್ಪತ್ನಾಲ್ಕು ಕಾಪಿಯಾದವು. ಎಲ್ಲದರ ಚೂರುಗಳನ್ನೂ ಮುರಿದಿಟ್ಟೆ. ಕಾಪಿ ಆಗುವಾಗ ಕಿವಿಗೊಟ್ಟು ಕೂರುವುದು ನನ್ನ ರೂಢಿ. ಹೀಗೆ ಕೇಳುತ್ತ ಕೇಳುತ್ತ ಹಾಡುಗಳು ಒಳಗೆ ಇಳಿದವು, ರಾತ್ರಿ ಮನೆಯ ಟೇಪಿನಲ್ಲೂ ಮೂಲವನ್ನೇ ಹಚ್ಚಿ ಕೇಳಿದೆ. ಮೂರನೆಯ ಹಾಡಿನಲ್ಲಿ ಡ್ರಮ್ ತಟ್ಟನೆ ನಿಂತು ಸುಧಾ ಒಮ್ಮೆ ಉಸಿರೆಳೆಯುತ್ತಾಳೆ. ಬುಧವಾರ ಬೆಳಿಗ್ಗೆ ಒಂದು ಕಾಪಿ ಹಚ್ಚಿ ನೋಡಿದರೆ ಆ ಉಸಿರು ತಡವಾಗಿ ಬಂತು. ಗಡಿಯಾರ ಹಿಡಿದು ಬೇರೆ ಡೆಕ್ಕಿನಲ್ಲಿ ಮೂಲವನ್ನು ಹಚ್ಚಿ ತಾಳೆ ನೋಡಿದೆ. ಕಾಪಿಯ ಹಾಡು ಒಂಬತ್ತು ಸೆಕೆಂಡು ಉದ್ದವಾಗಿತ್ತು. ಮೂಲದ ಡೆಕ್ಕಿನ ರಬ್ಬರ್ ಬೆಲ್ಟ್ ಸಡಿಲಾಗಿ ಮಷಿನ್ ನಿಧಾನಕ್ಕೆ ತಿರುಗುತ್ತಿತ್ತು.

ಮೊದಲೇ ದಪ್ಪ ದನಿ, ಇನ್ನಷ್ಟು ದಪ್ಪವಾದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೇ ಕಟ್ಟಿ ಕೊಡಬಹುದಿತ್ತು. ನಾನು ಫೋನ್ ಮಾಡಿದೆ.

"ಸುಧಾ, ಇಪ್ಪತ್ನಾಲ್ಕು ಖರಾಬ್ ಆಗ್ಯಾವ. ತಪ್ಪು ಮಷಿನ್ದಲ್ಲ, ನಂದು. ಬೆಲ್ಟ್ ನೋಡದೇ ಶುರು ಮಾಡೀನಿ." ಬಾಯಿ ತೆರೆದಿದ್ದೆ, ಮುಚ್ಚಲಾಗಲಿಲ್ಲ. "ಆವತ್ತಿಂದೂ ಮಷಿನ್ದಲ್ಲವ್ವ. ನಾನೇ ಅಳಿಸಿದ್ದೆ."

"ಗೊತ್ತದ."

"ಯಾವಾಗಿಂದ?"

"ಆವತ್ತಿಂದ. ಪಟ್ಟಿ ತೆಗೀಲಿಕ್ಕೆ ಮರ್ತಿದ್ದಿ. ಮಷಿನ್ ತಾನೇ ಪಟ್ಟಿ ಹಚ್ಕೊಂಡು ಅಳಿಸ್ತದೇನು?"

"ಮತ್ತ ನನ್ನ ಬಲ್ಲಿ ಯಾಕ ಬಂದಿ?"

"ನಡಿಯೋ ಮಷಿನ್ ಇನ್ಯಾರ ಬಲ್ಲಿ ಅದ? ಮೊದಲ ಬೆಲ್ಟ್ ಹುಡುಕು. ಜಗಳ ಸೋಮವಾರ ಆಡೋಣು."

ಮೂಲ ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಸೇಡಂನಲ್ಲಿ ಬೆಲ್ಟ್ ಸಿಗಲಿಲ್ಲ. ಚಿಂಚೋಳಿಯ ರೇಡಿಯೋ ರಿಪೇರಿಯವರೊಬ್ಬರು ಕೆಟ್ಟುನಿಂತ ಡೆಕ್ಕನ್ನು ಬಿಚ್ಚಿ ತೆಗೆದುಕೊಟ್ಟರು.

"ಭಜನಿ ಮಂಡಳಿಗೇನ್ರಿ?"

"ಅಲ್ರಿ. ನಮ್ಮ ತಂಗಿ ಹಾಡ್ಯಾಳ."

ಆ ಮಾತನ್ನು ಹೊರಗಿನವರ ಮುಂದೆ ನಾನು ಹೇಳಿದ್ದು ಅದೇ ಮೊದಲು. ಅವರು ಕೇಳಿಸಿ ಎಂದರು. ಅವರ ಟೇಪಿನಲ್ಲೇ ಹಚ್ಚಿದೆ. ಒಂದು ಹಾಡು ಪೂರ್ತಿ ಕೇಳಿ, "ಏನಂತಾಳ ತಿಳೀಲಿಲ್ಲ ನೋಡ್ರಿ, ಖರೇ ಆವಾಜ್‌ನಾಗ ಭಾಳ ದಮ್ ಅದ" ಎಂದರು.

ಸುತ್ತಿಗೆ ಮೂರು ಕಾಪಿಯಂತೆ ಗುರುವಾರ ಹದಿನಾಲ್ಕು ಸುತ್ತು, ಶುಕ್ರವಾರ ಹದಿನಾಲ್ಕು, ಶನಿವಾರ ಬೆಳಿಗ್ಗೆ ಆರು. ಬೇರೆ ಖಾಲಿ ಕ್ಯಾಸೆಟ್ ಇರಲಿಲ್ಲ. ಕೆಟ್ಟ ಇಪ್ಪತ್ನಾಲ್ಕಕ್ಕೂ ಮತ್ತೆ ಪಟ್ಟಿ ಹಚ್ಚಿ, ಸರಿಯಾದ ಹಾಡು ತುಂಬಿ, ಒಂದೊಂದೇ ಪಟ್ಟಿಯನ್ನು ಉಗುರಿನಿಂದ ಕಿತ್ತೆ. ಪುಣೆ ರೈಲಿನ ಹೊತ್ತಿಗೆ ಡಬ್ಬ ಮುಟ್ಟಿಸಿದೆ. ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸುಧಾ ಡಬ್ಬ ತೆರೆದು ಕ್ಯಾಸೆಟ್ಟುಗಳ ಬೆನ್ನು ನೋಡಿದಳು. "ಈ ಸಲ ಮರ್ತಿಲ್ಲ" ಎಂದು ನಕ್ಕು, ನನ್ನ ಟಿಕೆಟ್ ಕೈಗಿಟ್ಟಳು. ನನ್ನನ್ನೂ ಕರೆದೊಯ್ಯುವ ಯೋಚನೆ ಅವಳಿಗೆ ಮೊದಲೇ ಇತ್ತು.

ಪುಣೆಯಲ್ಲಿ ಎರಡನೆಯ ಹಾಡು ಮುಗಿಯುವುದರೊಳಗೆ ಮೇಜಿನ ಮೇಲಿನ ನೂರೂ ಕ್ಯಾಸೆಟ್ ಖಾಲಿ. ಮೂರನೆಯ ಹಾಡಿನಲ್ಲಿ ಡ್ರಮ್ ನಿಂತಿತು. ಸುಧಾ ಉಸಿರೆಳೆದಳು. ತುಂಬಿದ ಹಾಲ್ ಅವಳ ಜೊತೆ ಉಸಿರು ಬಿಗಿಹಿಡಿಯಿತು. ಅವಳು ಗುಡುಗಿದಾಗ ನನ್ನ ಎದೆಯ ಮೂಳೆ ಅದುರಿತು.

ಸೋಮವಾರ ಹೇಳಿದಂತೆ ಜಗಳಕ್ಕೆ ಬಂದಳು. ಆ ಹಳೆಯ ಕ್ಯಾಸೆಟ್ಟನ್ನು ನನ್ನ ಮುಂದಿಟ್ಟಳು. "ನಾಲ್ಕರಾಗ ಒಂದು ನೆಪ್ಪಿತ್ತು, ಅದನ್ನೇ ಮೂರನೇ ಹಾಡು ಮಾಡೀನಿ. ಉಳಿದ ಮೂರು ಹೋದವಣ್ಣ." ನಾನು ಕ್ಯಾಸೆಟ್ಟನ್ನು ತಿರುಗಿಸಿ ಆ ಪಟ್ಟಿಯನ್ನು ನೋಡಿದೆ. ಅವಳೇ ಅಂದಳು: "ಇನ್ನ ನೂರು ಬೇಕಂತ. ಮಾಡ್ತೀಯೋ ಇಲ್ಲೋ?"

ಯಾವ ಮಷಿನ್ನೂ ತಾನಾಗಿ ಏನನ್ನೂ ಅಳಿಸುವುದಿಲ್ಲ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಹಳೆಯ ಕ್ಯಾಸೆಟ್ ನನ್ನ ಗಾಜಿನ ಕಪಾಟಿನಲ್ಲಿದೆ, ಪಟ್ಟಿ ಕಿತ್ತಿಲ್ಲ. ಎರಡನೆಯ ನೂರನ್ನು, ಸ್ಟೇಷನ್ ರಸ್ತೆಗೆಲ್ಲ ಕೇಳಲಿ ಎಂದು, ಅಂಗಡಿಯ ದೊಡ್ಡ ಸ್ಪೀಕರಿಗೆ ಜೋಡಿಸಿಯೇ ಕಾಪಿ ಮಾಡಿದೆ.